ಕೊಡಗಿನ ಪಿಎಚ್‌ಸಿಗೆ ಬರುವ ವೈದ್ಯ ವಿದ್ಯಾರ್ಥಿಗೆ ಕಲಿಸುವ ಬಗೆ

ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದ ಮೇಲೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ (ಪಿಎಚ್‌ಸಿ), ಆದಿವಾಸಿಗಳ ಹಾಡಿಗಳಿಗೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ವೈದ್ಯ ವಿದ್ಯಾರ್ಥಿಗಳು ಬರುವುದು ಮಾಮೂಲಾಗಿದೆ. ಕಡ್ಡಾಯ ಇಂಟರ್ನ್‌ಶಿಪ್‌ನಲ್ಲಿ 12 ವಾರ ಸಮುದಾಯ ವೈದ್ಯಕೀಯಕ್ಕೇ ಮೀಸಲು. 2021-22ರ ಬ್ಯಾಚಿನಿಂದ ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲವು ಕುಟುಂಬಗಳನ್ನು ಒಪ್ಪಿಸುವ ಕುಟುಂಬ ದತ್ತು ಕಾರ್ಯಕ್ರಮವೂ ಸೇರಿಕೊಂಡು, ಮೊದಲ ವರ್ಷದವರೇ ಹಳ್ಳಿಯ ಮನೆಗಳಿಗೆ ಹೋಗುತ್ತಿದ್ದಾರೆ. ಅವಕಾಶಕ್ಕೆ ಕೊರತೆಯಿಲ್ಲ. ಆದರೆ ಬಹಳ ಕಡೆ ಈ ದಿನಗಳು ರಿಜಿಸ್ಟರ್ ತುಂಬುವುದರಲ್ಲಿ, ಕ್ಯಾಂಪಿನಲ್ಲಿ ಜನರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಮುಗಿದುಹೋಗುತ್ತವೆ. ಪಿಎಚ್‌ಸಿಯ ವೈದ್ಯಾಧಿಕಾರಿ, ಊರಿನಲ್ಲಿ ಕ್ಲಿನಿಕ್ ನಡೆಸುವ ವೈದ್ಯರು, ಹುಡುಗರ ಜೊತೆ ಬರುವ ಬೋಧಕರು ಈ ದಿನಗಳನ್ನು ನಿಜವಾದ ಪಾಠವಾಗಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಕಾಯಿಲೆಯ ಒಂದು ದಿನ ಮಾತ್ರ. ಬರೆದ ಮಾತ್ರೆಯನ್ನು ಆ ಮನುಷ್ಯ ಕೊಂಡನೇ, ನುಂಗಿದನೇ, ಹದಿನೈದನೇ ದಿನಕ್ಕೆ ಯಾಕೆ ಬಿಟ್ಟ ಎಂಬುದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಕುಟುಂಬ ವೈದ್ಯರ ವಿದ್ಯೆಯೆಲ್ಲ ಇರುವುದು ಆ ಉಳಿದ ದಿನಗಳಲ್ಲಿ. ಹಾಗಾಗಿ ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ: ಒಬ್ಬ ವಿದ್ಯಾರ್ಥಿ ನೋಡಿದ ರೋಗಿಯನ್ನು ಅದೇ ವಿದ್ಯಾರ್ಥಿ ಮತ್ತೆ ನೋಡಬೇಕು. ಕೆಳಗೆ ಬರುವ ಏರ್ಪಾಡುಗಳೆಲ್ಲ ಆ ಎರಡನೇ ಭೇಟಿಗಾಗಿಯೇ.

ಬರುವ ಮೊದಲೇ ಮಾಡಿಡಬೇಕಾದ್ದು

ವಿದ್ಯಾರ್ಥಿ ಬರುವ ವಾರಕ್ಕೆ ಮುಂಚೆ ಆಶಾ ಕಾರ್ಯಕರ್ತೆಯನ್ನೂ ಉಪಕೇಂದ್ರದ ಸಿಸ್ಟರನ್ನೂ ಕೂರಿಸಿಕೊಂಡು ಒಬ್ಬೊಬ್ಬ ವಿದ್ಯಾರ್ಥಿಗೆ ಐದು ಮನೆ ಆರಿಸಿ. ಐದೂ ಬೇರೆ ಬೇರೆ ಬಗೆಯವಾಗಿರಲಿ. ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ತಿನ್ನುತ್ತಿರುವವರು ಒಬ್ಬರು. ಏಳನೇ ತಿಂಗಳ ಸುಮಾರಿನ ಗರ್ಭಿಣಿ ಒಬ್ಬರು. ವರ್ಷ ತುಂಬದ ಮಗುವಿರುವ ಮನೆ ಒಂದು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ತೋಟದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ಒಬ್ಬರು. ಕ್ಷಯಕ್ಕೋ ವಂಶದಿಂದ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ಗೋ ಚಿಕಿತ್ಸೆಯಲ್ಲಿರುವವರ ಮನೆ ಒಂದು. ವಿದ್ಯಾರ್ಥಿಯೇ ಆರಿಸಿಕೊಳ್ಳಲಿ ಎಂದು ಬಿಟ್ಟರೆ ರಸ್ತೆ ಬದಿಯ, ಚೆನ್ನಾಗಿ ಮಾತಾಡುವ, ಕುರ್ಚಿ ಹಾಕಿ ಕೂರಿಸುವ ಐದು ಮನೆಗಳೇ ಪಟ್ಟಿಗೆ ಬರುತ್ತವೆ.

ಮೊದಲ ಭೇಟಿಯ ದಿನ ನಿಗದಿ ಮಾಡುವಾಗಲೇ ಎರಡನೆಯದನ್ನೂ ಮೂರನೆಯದನ್ನೂ ಬರೆದಿಡಿ. 12 ವಾರವೂ ವಿದ್ಯಾರ್ಥಿ ನಿಮ್ಮಲ್ಲೇ ಇರುವುದಿಲ್ಲ. ನಾಲ್ಕು ವಾರ ಸಿಕ್ಕರೂ ಸಾಕು: ಮೊದಲ ವಾರ, ಎರಡನೇ ವಾರ, ನಾಲ್ಕನೇ ವಾರ. ದಿನ ಗೊತ್ತು ಮಾಡುವಾಗ ಊರಿನ ಲೆಕ್ಕ ನೋಡಿ. ಸಂತೆಯ ದಿನ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಮಡಿಕೇರಿ ಸುತ್ತಿನವರಿಗೆ ಅದು ಶುಕ್ರವಾರ. ಬಟವಾಡೆಯ ಸಂಜೆ ಲೈನ್ ಮನೆಗೆ ಹೋದರೆ ಬೀಗ ನೋಡಿ ಬರಬೇಕು. ಕೈಲ್‌ಪೊಳ್ದ್, ಪುತ್ತರಿ, ಕಾವೇರಿ ಸಂಕ್ರಮಣ ಹಬ್ಬಗಳ ಆಸುಪಾಸು ಬಿಟ್ಟುಬಿಡಿ. ನವೆಂಬರಿನಿಂದ ಮಾರ್ಚಿನವರೆಗೆ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ ಕುಯ್ಲಿನ ಕಾಲ. ಆಗ ಕೂಲಿ ಕುಟುಂಬಗಳು ಸಂಜೆ ಕಾಫಿ ಅಳತೆ ಮುಗಿಸಿ ಬರುವಾಗ ಕತ್ತಲಾಗಿರುತ್ತದೆ. ಆ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆಯೇ ಒಳ್ಳೆಯದು.

ಸಾಮಾನು ಹೆಚ್ಚೇನೂ ಬೇಡ. ಬಿಪಿ ಉಪಕರಣ, ತೋಳಿಗೆ ಕಟ್ಟಲು ದೊಡ್ಡದೂ ಸಣ್ಣದೂ ಎರಡು ಕಫ್, ಗ್ಲೂಕೋಮೀಟರ್, ತೂಕದ ಯಂತ್ರ, ಥರ್ಮಾಮೀಟರ್, ಸೆಕೆಂಡು ಮುಳ್ಳಿರುವ ಗಡಿಯಾರ, ಅಳತೆ ಟೇಪು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟ್‌ಬುಕ್ಕು. ಬಹಳ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಮೊಬೈಲಿನಲ್ಲೇ ಬರೆಯುತ್ತೇನೆ ಎನ್ನುವ ಮಾತು ನಡೆಯುವುದಿಲ್ಲ. ಮಳೆಗಾಲದಲ್ಲಿ ಗಮ್‌ಬೂಟು, ಜಿಗಣೆಗೆ ಉಪ್ಪು. ಆನೆ ಓಡಾಡುವ ಕಡೆ ಹೊರಡುವ ಮುಂಚೆ ತೋಟದ ಮೇಸ್ತ್ರಿಗೆ ಫೋನು ಮಾಡಿ, ಆವತ್ತು ಆನೆ ಯಾವ ಕಡೆ ಇದೆ ಎಂದು ಕೇಳಲೇಬೇಕು. ಬೆಳಕಿರುವಾಗಲೇ ವಾಪಸಾಗುವ ಹಾಗೆ ಲೆಕ್ಕ ಹಾಕಿ. ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೈಸೂರು, ಬೆಂಗಳೂರಿನಿಂದ ಬಂದ ಹುಡುಗರಿಗೆ ಹೇಳಲೇಬೇಕು.

ಓಪಿಡಿಯಲ್ಲಿ: ನಾಲ್ಕೈದೇ ರೋಗಿ, ಪೂರ್ತಿ ನೋಡಲಿ

ಬೆಳಗಿನ ಓಪಿಡಿಯಲ್ಲಿ ಅರವತ್ತು ಜನ ಕೂತಿರುವಾಗ ಕಲಿಸಲು ಹೊತ್ತೆಲ್ಲಿ ಎಂಬ ಪ್ರಶ್ನೆ ಸಹಜ. ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರವತ್ತೂ ಜನರನ್ನು ತೋರಿಸಿದರೆ ಹನ್ನೊಂದು ಗಂಟೆಗೆ ಅವರಿಗೆ ತೂಕಡಿಕೆ, ನಿಮಗೆ ಸುಸ್ತು. ಬದಲಿಗೆ ನಾಲ್ಕೈದು ರೋಗಿಗಳನ್ನು ಮಾತ್ರ ಅವರಿಗೆ ಬಿಡಿ. ಪಕ್ಕದ ಕೋಣೆಯಲ್ಲಿ, ಕೋಣೆ ಇಲ್ಲದಿದ್ದರೆ ಪರದೆ ಎಳೆದ ಮೂಲೆಯಲ್ಲಿ, ವಿದ್ಯಾರ್ಥಿ ಒಬ್ಬರೇ 15 ನಿಮಿಷ ರೋಗಿಯ ಜೊತೆ ಇರಲಿ. ಅಷ್ಟರಲ್ಲಿ ನೀವು ಮೂರ್ನಾಲ್ಕು ಜನರನ್ನು ನೋಡಿ ಕಳಿಸಿರುತ್ತೀರಿ. ಆಮೇಲೆ ಐದು ನಿಮಿಷ ಇಬ್ಬರೂ ರೋಗಿಯ ಮುಂದೆ ಕೂತು ಮುಗಿಸಿ. ಓಪಿಡಿ ಒಟ್ಟು ಅರ್ಧ ಗಂಟೆಗಿಂತ ಹೆಚ್ಚು ತಡವಾಗುವುದಿಲ್ಲ.

ಯಾರನ್ನು ಬಿಡಬೇಕು ಎಂಬುದು ನಿಮ್ಮ ತೀರ್ಮಾನ. ಎದೆನೋವು, ಏದುಸಿರು, ಹಾವು ಕಡಿತ, ಎಚ್ಚರ ತಪ್ಪಿದವರು ಯಾವತ್ತೂ ನಿಮ್ಮ ಕೈಗೇ. ಹಳೆ ಬಿಪಿ, ವಾರದಿಂದ ಕೆಮ್ಮು, ಮಗುವಿನ ಭೇದಿ, ‘ಸುಸ್ತು ಡಾಕ್ಟ್ರೇ, ಏನು ಮಾಡಿದರೂ ಹೋಗ್ತಿಲ್ಲ’ ಎಂದು ಬರುವ ಹೆಂಗಸು, ಇವರು ವಿದ್ಯಾರ್ಥಿಗೆ. ರೋಗಿಯ ಒಪ್ಪಿಗೆಯನ್ನು ವಿದ್ಯಾರ್ಥಿಯ ಎದುರಿಗೆ ಕೇಳಬೇಡಿ. ಎದುರಿಗಿದ್ದರೆ ಯಾರೂ ಬೇಡ ಎನ್ನುವುದಿಲ್ಲ. ಚೀಟಿ ಬರೆಯುವಲ್ಲೇ ಸಿಸ್ಟರ್ ಕೇಳಲಿ, ಬೇಡ ಎಂದವರನ್ನು ನೇರ ನಿಮ್ಮಲ್ಲಿಗೆ ಕಳಿಸಲಿ.

ವಿದ್ಯಾರ್ಥಿ ರೋಗಿಯನ್ನು ನೋಡಿ ಬಂದಾಗ ‘ಏನು ಹಿಸ್ಟರಿ?’ ಎಂದು ಶುರು ಮಾಡಬೇಡಿ. ಹಾಗೆ ಕೇಳಿದರೆ ಪುಸ್ತಕದ ಕ್ರಮದಲ್ಲಿ ಹತ್ತು ನಿಮಿಷ ಒಪ್ಪಿಸುತ್ತಾರೆ, ತೀರ್ಮಾನ ನಿಮ್ಮ ಪಾಲಿಗೇ ಉಳಿಯುತ್ತದೆ. 1992ರಲ್ಲಿ ಅಮೆರಿಕದ ಕುಟುಂಬ ವೈದ್ಯ ಬೋಧಕರು ಬರೆದಿಟ್ಟ ಐದು ಹೆಜ್ಜೆಯ ಕ್ರಮವೊಂದಿದೆ, ಗದ್ದಲದ ಓಪಿಡಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲು, ‘ನಿಮಗೆ ಏನನ್ನಿಸುತ್ತದೆ, ಏನು ಮಾಡೋಣ?’ ಎಂದು ತೀರ್ಮಾನ ಹೇಳಿಸಿ. ಎರಡು, ‘ಯಾಕೆ ಹಾಗನ್ನಿಸಿತು? ಇನ್ನೇನಿರಬಹುದು?’ ಎಂದು ಕೆದಕಿ. ಮೂರು, ಈ ರೋಗಿಯಿಂದ ಮುಂದಿನ ಹತ್ತು ರೋಗಿಗಳಿಗೆ ಆಗಿಬರುವ ಒಂದೇ ಒಂದು ಮಾತು ಹೇಳಿ. ನಾಲ್ಕು, ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳಿ. ಐದು, ತಪ್ಪಿದ್ದನ್ನು ತಿದ್ದಿ. ನಮ್ಮಲ್ಲಿ ಮೊದಲ ಹೆಜ್ಜೆಯಲ್ಲೇ ಹುಡುಗರು ತಡವರಿಸುತ್ತಾರೆ, ಯಾಕೆಂದರೆ ತಪ್ಪು ಹೇಳಿದರೆ ಎಲ್ಲರೆದುರು ಬೈಸಿಕೊಂಡ ಅಭ್ಯಾಸ. ಎರಡು ಮೂರು ದಿನ ಕಾಯಿರಿ. ತಪ್ಪು ಊಹೆಯನ್ನೂ ಪೂರ್ತಿ ಕೇಳಿಸಿಕೊಳ್ಳುತ್ತೀರಿ ಎಂದು ಗೊತ್ತಾದ ಮೇಲೆ ಬಾಯಿ ಬಿಡುತ್ತಾರೆ. ಮೂರನೇ ಹೆಜ್ಜೆಯಲ್ಲಿ ಎಡವುವುದು ಬೋಧಕರು: ಒಂದು ಮಾತಿನ ಜಾಗದಲ್ಲಿ ಇಡೀ ಅಧ್ಯಾಯ ಹೇಳಿಬಿಡುತ್ತೇವೆ.

ರೋಗಿಯಿಂದ ಮೂರು ವಿಷಯ ಕೇಳಿಯೇ ಬರಬೇಕು ಎಂದು ವಿದ್ಯಾರ್ಥಿಗೆ ತಾಕೀತು ಮಾಡಿ. ತನಗೆ ಏನಾಗಿದೆ ಎಂದು ಅವರು ಅಂದುಕೊಂಡಿದ್ದಾರೆ? ಯಾವುದಕ್ಕೆ ಹೆದರಿದ್ದಾರೆ? ಇವತ್ತು ಏನು ಬೇಕೆಂದು ಬಂದಿದ್ದಾರೆ? ‘ಗ್ಯಾಸ್’ ಎಂದು ಬಂದ ಐವತ್ತರ ಗಂಡಸು ಹೆದರಿರುವುದು ಅಣ್ಣನ ಹಾಗೆ ಹಾರ್ಟ್ ಅಟ್ಯಾಕ್ ಆದೀತು ಎಂದು. ಆ ಮಾತು ಹೊರಬರದೆ ಆಂಟಾಸಿಡ್ ಬರೆದು ಕಳಿಸಿದರೆ ನಾಳೆ ಬೇರೆ ಕ್ಲಿನಿಕ್ಕಿಗೆ ಹೋಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಆ ‘ಗ್ಯಾಸ್’ ಏರು ಹತ್ತುವಾಗ ಬಂದು ನಿಂತರೆ ಹೋಗುವಂಥದ್ದೇ ಎಂದು ಕೇಳದೆ ಬಿಟ್ಟಿರುತ್ತೇವೆ. ಕೊಡಗಿನಲ್ಲಿ ಏರು ಹತ್ತದೆ ಯಾರಿಗೂ ದಿನ ಕಳೆಯುವುದಿಲ್ಲವಾದ್ದರಿಂದ ಆ ಪ್ರಶ್ನೆಗೆ ಖಚಿತ ಉತ್ತರ ಸಿಗುತ್ತದೆ: ‘ಮೊದಲು ಬಸ್‌ಸ್ಟ್ಯಾಂಡಿನಿಂದ ಒಂದೇ ಉಸಿರಿಗೆ ಮನೆಗೆ ಬರ್ತಿದ್ದೆ, ಈಗ ಎರಡು ಕಡೆ ನಿಲ್ತೀನಿ.’ ಹೀಗೆಂದವರಿಗೆ ಆವತ್ತೇ ಇಸಿಜಿ.

ಇಂಜೆಕ್ಷನ್ ಕೇಳುವವರಿಗೆ ಇಲ್ಲ ಎನ್ನುವುದನ್ನು ವಿದ್ಯಾರ್ಥಿಯಿಂದಲೇ ಹೇಳಿಸಿ, ನೀವು ಪಕ್ಕದಲ್ಲಿರಿ. ‘ಬೇಡ’ ಎಂದು ಮುಗಿಸಬಾರದು. ‘ಅಕ್ಕ, ಈ ಜ್ವರಕ್ಕೆ ಸೂಜಿಯಿಂದ ಬೇಗ ಗುಣ ಆಗಲ್ಲ. ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಶುರು ಮಾಡುತ್ತೆ. ನಾಡಿದ್ದೂ ಜ್ವರ ಇದ್ದರೆ ಬನ್ನಿ, ರಕ್ತ ನೋಡೋಣ, ನಾನೇ ಇರ್ತೀನಿ.’ ಕೊನೆಯ ಮಾತನ್ನು ಹೇಳಿದ ವಿದ್ಯಾರ್ಥಿ ನಾಡಿದ್ದು ಇರಲೇಬೇಕು.

ಬಿಪಿ, ಶುಗರ್: ಚಿಕ್ಕದೆಂದು ಬಿಟ್ಟರೆ ಎಲ್ಲ ಕೆಡುತ್ತದೆ

ಕೊನೆಯ ವರ್ಷದವರೂ ಬಿಪಿ ನೋಡುವುದರಲ್ಲಿ ತಪ್ಪುತ್ತಾರೆ. ರೋಗಿ ಬೆನ್ನಿಗೆ ಆಸರೆ ಇಟ್ಟು, ಕಾಲಿನ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಕಫ್ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ನೂರಕ್ಕೆ 80 ಭಾಗ ಸುತ್ತಬೇಕು; ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಸ್ವೆಟರಿನ ಮೇಲೆ ಕಟ್ಟುವುದು ಮಡಿಕೇರಿಯ ಚಳಿಯಲ್ಲಿ ದಿನವೂ ನಡೆಯುವ ತಪ್ಪು; ಸ್ವೆಟರಿನ ತೋಳನ್ನು ಮೇಲೆ ಸುತ್ತಿ ಬಿಗಿ ಮಾಡುವುದೂ ತಪ್ಪೇ, ಕೈಯನ್ನೇ ಸ್ವೆಟರಿನಿಂದ ಹೊರಗೆ ತೆಗೆಸಬೇಕು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು.

ಇನ್ನೊಂದು ಮಾತು ನಮ್ಮ ಜಿಲ್ಲೆಗೇ ಸೇರಿದ್ದು. ಮನೆಗೆ ಹೋದ ಕೂಡಲೇ ಕಾಫಿ ಬರುತ್ತದೆ, ಮನೆಯವರೂ ಜೊತೆಗೆ ಕುಡಿಯುತ್ತಾರೆ. ಕಾಫಿ, ಬೀಡಿ, ಎಲೆಅಡಿಕೆ ಹೊಗೆಸೊಪ್ಪು ಆದ ಅರ್ಧ ಗಂಟೆಯೊಳಗೆ ನೋಡಿದ ಬಿಪಿಯನ್ನು ನಂಬಬಾರದು. ಕಾಫಿ ಬೇಡ ಎಂದರೆ ಮನೆಯವರಿಗೆ ಬೇಸರ. ಹಾಗಾಗಿ ಹೊಸ್ತಿಲಲ್ಲೇ ಹೇಳಿಬಿಡಲಿ: ‘ಮೊದಲು ಬಿಪಿ ನೋಡ್ತೀವಿ ಅಮ್ಮ, ಆಮೇಲೆ ಎಲ್ಲರೂ ಕೂತು ಕಾಫಿ ಕುಡಿಯೋಣ.’

ಗ್ಲೂಕೋಮೀಟರಿನ ಪಟ್ಟಿಗಳಿಗೆ ಕೊಡಗಿನ ಮಳೆಗಾಲದ ತೇವವೇ ಶತ್ರು. ಡಬ್ಬಿಯ ಮುಚ್ಚಳ ತೆಗೆದಿಟ್ಟು ಮಾತಾಡುತ್ತ ಕೂತರೆ ಪಟ್ಟಿ ಕೆಡುತ್ತದೆ, ಅಂಕಿ ತಪ್ಪಾಗುತ್ತದೆ. ಒಂದು ಪಟ್ಟಿ ತೆಗೆದು ತಕ್ಷಣ ಮುಚ್ಚಬೇಕು. ಬೆರಳನ್ನು ನೀರಿನಲ್ಲಿ ತೊಳೆದು ಒರೆಸಿದ ಮೇಲೆಯೇ ಚುಚ್ಚಬೇಕು: ಹಲಸಿನ ತೊಳೆ ಬಿಡಿಸಿದ ಕೈ, ಜೇನು ಮುಟ್ಟಿದ ಕೈಯಿಂದ ತೆಗೆದ ಹನಿ 140 ಇರುವವರಿಗೆ 300 ತೋರಿಸೀತು. ಅದನ್ನು ನಂಬಿ ಮಾತ್ರೆ ಏರಿಸಿದರೆ ರಾತ್ರಿ ಸಕ್ಕರೆ ಕುಸಿದು ಬೆವರುವವರು ಆ ಮನೆಯ ಅಜ್ಜಿ.

ಮನೆ ಭೇಟಿ

ಒಂದು ಮನೆಗೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ. ಲೈನ್ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಆರು ಜನ ಒಳಹೊಕ್ಕರೆ ಮನೆಯವರೇ ಹೊರಗೆ ನಿಲ್ಲಬೇಕಾಗುತ್ತದೆ. ತೋಟಕ್ಕೆ ಹೋಗುವಾಗ ಮಾಲೀಕರಿಗೋ ಮ್ಯಾನೇಜರಿಗೋ ಮೊದಲೇ ತಿಳಿಸಿ, ಆದರೆ ಮಾತುಕತೆಯ ಹೊತ್ತಿಗೆ ರೈಟರ್ (ತೋಟದ ಗುಮಾಸ್ತ), ಮೇಸ್ತ್ರಿ ಪಕ್ಕದಲ್ಲಿರಬಾರದು. ಕೂಲಿ, ಕುಡಿತ, ಗಾಯ, ಗರ್ಭ ಇವುಗಳ ಬಗ್ಗೆ ಅವರೆದುರು ಯಾರೂ ನಿಜ ಹೇಳುವುದಿಲ್ಲ. ಹಾಡಿಗೆ ಹೋಗುವಾಗ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ ಜೊತೆಗಿರಲಿ. ಯರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಲ್ಲಿ ಹಿರಿಯರು ಕನ್ನಡ ಅರ್ಥ ಮಾಡಿಕೊಂಡರೂ ನೋವು ಹೇಳುವುದು ತಮ್ಮ ಮಾತಿನಲ್ಲೇ. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕೂಲಿಯವರ ಜೊತೆ ಹಿಂದಿ ಬರುವ ವಿದ್ಯಾರ್ಥಿಯೇ ಮುಂದಿರಲಿ. ಮನೆಯ ಎಂಟು ವರ್ಷದ ಮಗಳನ್ನು ದುಭಾಷಿ ಮಾಡಿಕೊಂಡು ತಾಯಿಯ ಮುಟ್ಟಿನ ವಿಷಯ ಕೇಳುವುದನ್ನು ಕಂಡರೆ ತಕ್ಷಣ ನಿಲ್ಲಿಸಿ.

ಮೊದಲ ಭೇಟಿಯಲ್ಲಿ ಫಾರ್ಮ್ ಹೊರಗೆ ತೆಗೆಯಬೇಡಿ. ಆದಾಯ, ಜಾತಿ, ಶೌಚಾಲಯ ಇದೆಯೇ ಎಂದು ಶುರು ಮಾಡಿದರೆ ಮನೆಯವರಿಗೆ ಮತ್ತೊಂದು ಸರ್ವೆ ಬಂತು ಎನ್ನಿಸುತ್ತದೆ. ಮೊದಲ ದಿನ ಮಾಡಬೇಕಾದ್ದು ಎರಡೇ: ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಮೂರು ತಲೆಮಾರಿನ ವಂಶವೃಕ್ಷ ಬರೆಯುವುದು, ಮನೆಯಲ್ಲಿರುವ ಔಷಧಿಯೆಲ್ಲ ನೋಡುವುದು. ವಂಶವೃಕ್ಷ ಬರೆಯುವಾಗ ಯಾರಿಗೆ ಸಕ್ಕರೆ, ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ತಾನಾಗಿ ಬರುತ್ತದೆ. ಒಕ್ಕದ (ಮನೆತನದ) ಹೆಸರು, ಐನ್‌ಮನೆಯ (ಮನೆತನದ ಮೂಲ ಮನೆಯ) ನೆನಪು ಇರುವ ಕೊಡವ ಕುಟುಂಬಗಳಲ್ಲಿ ಇದನ್ನು ಹಿರಿಯರು ಖುಷಿಯಿಂದ ಹೇಳುತ್ತಾರೆ. ಮಗು ಕಳೆದುಕೊಂಡ ಮನೆಯಲ್ಲಿ ಆ ಗೆರೆ ಎಳೆಯುವಾಗ ಪೆನ್ನು ಕೆಳಗಿಟ್ಟು ಸುಮ್ಮನಿರಲು ಕಲಿಸಿ.

ಔಷಧಿ ನೋಡುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಮಾತ್ರೆ ಸರಿಯಾಗಿ ತಗೊಳ್ತೀರಾ?’ ಎಂದು ಕೇಳಿದರೆ ಉತ್ತರ ‘ಹೂಂ’ ಎಂದೇ ಬರುತ್ತದೆ. ಅದರ ಬದಲು ‘ಮನೆಯಲ್ಲಿರೋ ಔಷಧಿಯೆಲ್ಲ ತಂದು ಚಾಪೆ ಮೇಲೆ ಹಾಕಿ, ನೋಡೋಣ’ ಎನ್ನಲಿ. ಗೋಡೆಯ ಗೂಡಿನಿಂದ, ಅಕ್ಕಿ ಡಬ್ಬದ ಹಿಂದಿನಿಂದ, ಬ್ಯಾಗಿನಿಂದ ಬರುತ್ತವೆ: ಪಿಎಚ್‌ಸಿಯ ಆಮ್ಲೋಡಿಪಿನ್, ಖಾಸಗಿ ಕ್ಲಿನಿಕ್ಕಿನವರು ಕೊಟ್ಟ, ಬೇರೆ ಹೆಸರಿನ ಅದೇ ಬಿಪಿ ಮಾತ್ರೆ ಆಮ್ಲೋಡಿಪಿನ್, ಮಂಡಿನೋವಿಗೆ ಮೆಡಿಕಲ್ಲಿನಲ್ಲಿ ಕೇಳಿ ತಂದ ಮಾತ್ರೆ, ಅವಧಿ ಮುಗಿದ ಕಣ್ಣಿನ ಹನಿ. ಈಗ ಎಣಿಸಬೇಕು. 18 ದಿನದ ಹಿಂದೆ 30 ಬಿಪಿ ಮಾತ್ರೆ ಕೊಟ್ಟಿದ್ದರೆ ಇವತ್ತು 12 ಉಳಿದಿರಬೇಕು. 21 ಉಳಿದಿವೆ ಎನ್ನಿ. ಒಂಬತ್ತು ದಿನ ತಪ್ಪಿದೆ. ಇಲ್ಲಿ ಬೈದರೆ ಮುಂದಿನ ಸಲ ಮಾತ್ರೆ ಚಾಪೆಯ ಮೇಲೆ ಬರುವುದಿಲ್ಲ. ‘ಒಂಬತ್ತು ಹೆಚ್ಚಿಗೆ ಉಳಿದಿವೆಯಲ್ಲ ಅಣ್ಣ, ಯಾವ ದಿನ ತಪ್ಪುತ್ತೆ?’ ಎಂದು ಕೇಳಿದರೆ ಕಾರಣ ಹೊರಬರುತ್ತದೆ: ಬೆಳಿಗ್ಗೆ ಬರೀ ಕಾಫಿ ಕುಡಿದು ಕೆಲಸಕ್ಕೆ ಹೋಗುವವರು, ತಿಂಡಿ ಇಲ್ಲದೆ ಮಾತ್ರೆ ತಿನ್ನಬಾರದು ಎಂದುಕೊಂಡಿದ್ದಾರೆ. ಆಮ್ಲೋಡಿಪಿನ್‌ಗೆ ಊಟದ ಹಂಗಿಲ್ಲ, ರಾತ್ರಿಗೆ ಬದಲಾಯಿಸಿದರೂ ಆಗುತ್ತದೆ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಆದರೆ ಊಟದ ಜೊತೆಗೇ ಬೇಕು, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಡೋಸ್ ಹೆಚ್ಚಿಸುವ ಮುಂಚೆ ಎಣಿಸುವ ಈ ಅಭ್ಯಾಸ ಒಂದನ್ನು ವಿದ್ಯಾರ್ಥಿ ಕಲಿತು ಹೋದರೂ ನಿಮ್ಮ ನಾಲ್ಕು ವಾರ ಸಾರ್ಥಕ. ಎರಡನೇ ಭೇಟಿಯಲ್ಲಿ ಮತ್ತೆ ಎಣಿಸಲಿ. ಆಗ ತಮ್ಮ ಸಲಹೆ ಕೆಲಸ ಮಾಡಿತೋ ಇಲ್ಲವೋ ಕಣ್ಣೆದುರಿಗೇ ಇರುತ್ತದೆ.

ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ಬೇರೆ ಪ್ರಶ್ನೆಗಳಿವೆ. ರಾತ್ರಿ ಶೌಚಕ್ಕೆ ಎಲ್ಲಿ ಹೋಗುತ್ತಾರೆ, ಮೆಟ್ಟಿಲು ಪಾಚಿ ಕಟ್ಟಿದೆಯೇ, ಬಿದ್ದರೆ ಯಾರನ್ನು ಕರೆಯುತ್ತಾರೆ, ಮನೆಯೊಳಗೆ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ. ಮಾಜಿ ಸೈನಿಕರಾದರೆ ಅವರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದೆಯೇ. ನಿದ್ದೆ, ಊಟ, ಬೇಸರ ಕೇಳಿದ ಮೇಲೆ, ಬೇಸರ ಗಾಢವಾಗಿದೆ ಎನಿಸಿದರೆ, ಬದುಕು ಬೇಡ ಎನಿಸುತ್ತದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೋವಿ ಕೊಡವ ಮನೆಗಳಲ್ಲಿ ಪೂಜೆಯ ವಸ್ತು; ತೋಟದ ಮನೆಗಳಲ್ಲಿ ಕೀಟನಾಶಕವೂ ಇರುತ್ತದೆ. ಅಂಥ ಹೊತ್ತಿನಲ್ಲಿ ಎರಡನ್ನೂ ಸ್ವಲ್ಪ ಕಾಲ ನಂಬಿಗಸ್ತ ನೆಂಟರ ಮನೆಗೆ ಸಾಗಿಸುವ ಮಾತನ್ನು ಮನೆಯವರ ಜೊತೆ ಆಡುವುದು ಜೀವ ಉಳಿಸುತ್ತದೆ. ಇದನ್ನು ವಿದ್ಯಾರ್ಥಿ ಒಬ್ಬರೇ ನಿಭಾಯಿಸಬಾರದು. ಆವತ್ತೇ ನಿಮಗೆ ತಿಳಿಸಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಮನೆಯವರ ಫೋನಿನಲ್ಲಿ ಉಳಿಸಿಕೊಟ್ಟು ಬರಲಿ.

ಇಲ್ಲಿಯ ಕಾಯಿಲೆ, ಇಲ್ಲಿಯ ಕಾಲ

ಹಾವು ಕಡಿತದ ಪಾಠವನ್ನು ರೋಗಿ ಬಂದಾಗ ಹೇಳಿಕೊಡಲು ಆಗುವುದಿಲ್ಲ, ಮೊದಲೇ ಮಾಡಿಸಿ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬೇಕಾದ್ದು ಒಣಗಿದ, ಚೊಕ್ಕ ಗಾಜಿನ ಟೆಸ್ಟ್ ಟ್ಯೂಬು. 2 ಮಿಲಿ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಂದೇ ಸಲ ಬಾಗಿಸಿ ನೋಡಬೇಕು. ರಕ್ತ ಗಟ್ಟಿಯಾಗದಿದ್ದರೆ ವಿಷ ಏರಿದ ಲಕ್ಷಣ. ಒಪ್ಪಿದ ವಿದ್ಯಾರ್ಥಿಯೊಬ್ಬರ ರಕ್ತವನ್ನೇ ತೆಗೆದು ಮೂರು ಟ್ಯೂಬಿಗೆ ಹಾಕಿಸಿ: ಒಂದು ಚೊಕ್ಕ ಗಾಜು, ಒಂದು ಸೋಪಿನ ಪುಡಿಯಲ್ಲಿ ತೊಳೆದು ಸರಿಯಾಗಿ ಜಾಲಿಸದ ಗಾಜು, ಒಂದು ಪ್ಲಾಸ್ಟಿಕ್. ಮೊದಲನೆಯದು ಗಟ್ಟಿಯಾಗುತ್ತದೆ, ಉಳಿದೆರಡು ಮೋಸ ಮಾಡಬಹುದು. ಸೋಪಿನ ಅಂಶ ಉಳಿದ ಟ್ಯೂಬಿನಿಂದ ವಿಷ ಏರದವರಿಗೂ ಪ್ರತಿವಿಷ ಹೋಗುತ್ತದೆ ಎಂಬುದು ಆಗ ಮರೆಯುವುದಿಲ್ಲ. ವಿಷ ಏರಿದ ಲಕ್ಷಣ ಖಚಿತವಾದರೆ ಮೊದಲಿಗೆ ಪ್ರತಿವಿಷದ 10 ವಯಲ್ (ಸಣ್ಣ ಸೀಸೆ), ಮಕ್ಕಳಿಗೂ ದೊಡ್ಡವರಷ್ಟೇ. ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಪ್ರತಿವಿಷ ಒಗ್ಗದಿದ್ದರೆ ಕೊಡಲು ಅಡ್ರಿನಾಲಿನ್ 0.5 ಮಿಗ್ರಾಂ (ದೊಡ್ಡವರಿಗೆ) ಸಿರಿಂಜಿಗೆ ಎಳೆದಿಟ್ಟುಕೊಂಡೇ ಪ್ರತಿವಿಷ ಶುರು ಮಾಡಬೇಕು. ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲದ ವಿಷಕ್ಕೆ ನಮ್ಮ ಪ್ರತಿವಿಷ ನಾಟುವುದಿಲ್ಲ ಎಂಬುದನ್ನೂ ಹೇಳಿ. ವಯಲ್ ಮೇಲೆ ವಯಲ್ ಸುರಿಯುವುದನ್ನು ಅದು ತಡೆಯುತ್ತದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಪ್ರಕರಣ. ಆ ವರದಿಯನ್ನು ವಿದ್ಯಾರ್ಥಿಯಿಂದ ಬರೆಸಿ.

ಮಳೆಗಾಲದ ಜ್ವರಕ್ಕೆ ಪ್ಯಾರಸಿಟಮಾಲ್ ಬರೆಯುವ ಮುಂಚೆ ಏನು ಕೆಲಸ, ಗದ್ದೆ ನೀರಿನಲ್ಲಿ ನಿಂತಿದ್ದರೇ, ಕಾಲಿನಲ್ಲಿ ಗಾಯ ಇದೆಯೇ ಎಂದು ಕೇಳಿಸಿ. ಮೀನಖಂಡ ಹಿಂಡುವ ನೋವು, ಕೆಂಪು ಕಣ್ಣು ಇದ್ದರೆ ಇಲಿ ಜ್ವರ ನೆನಪಾಗಬೇಕು. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗ ಬಟ್ಟೆ ಸರಿಸಿ ನೋಡದೆ ಸ್ಕ್ರಬ್ ಟೈಫಸ್ ಇಲ್ಲ ಎನ್ನಬಾರದು. ಆ ಜ್ವರ ತರುವ ಸಣ್ಣ ಹುಳು ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಜ್ಜಿ ನೋವಿಲ್ಲದೆ ಅಡಗಿರುತ್ತದೆ. ಜಿಗಣೆ ಕಚ್ಚಿದ ಗುರುತಿಗೂ ಅದಕ್ಕೂ ವ್ಯತ್ಯಾಸ ತೋರಿಸಿಕೊಡಿ.

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಮಾರನೇ ದಿನ ಮೂತ್ರ ಕೆಂಪಗಿರುತ್ತದೆ. ಊರಿನವರಿಗೆಲ್ಲ ಗೊತ್ತಿರುವ ಸಂಗತಿ, ಹೊರಗಿನಿಂದ ಬಂದ ಇಂಟರ್ನಿಗೆ ಗೊತ್ತಿರುವುದಿಲ್ಲ. ಮೂತ್ರದಲ್ಲಿ ರಕ್ತ ಎಂದು ಬರೆದು ಸ್ಕ್ಯಾನಿಂಗಿಗೆ ಕಳಿಸುವ ಮುಂಚೆ ನಿನ್ನೆ ಏನು ತಿಂದಿರಿ ಎಂದು ಕೇಳಿದರೆ ಸಾಕು. ಹಾಗೆಂದು ಎರಡು ಮೂರು ದಿನವಾದರೂ ಬಣ್ಣ ಹೋಗದಿದ್ದರೆ ಪರೀಕ್ಷೆ ಬೇಕೇ ಬೇಕು.

ಹಾಡಿಗಳಲ್ಲಿ ಕೈಕಾಲು, ಸೊಂಟ ನೋವು ಎಂದು ಮತ್ತೆ ಮತ್ತೆ ಬರುವ ಹುಡುಗರನ್ನು ಕೆಲಸಗಳ್ಳರೆಂದು ತಳ್ಳಿಹಾಕುವ ಮಾತು ಕೇಳಿಬಂದರೆ ಅದೇ ಪಾಠದ ಜಾಗ. ಸಿಕಲ್ ಸೆಲ್ ಇದ್ದವರಿಗೆ ಚಳಿ, ಮಳೆಯಲ್ಲಿ ನೆನೆಯುವುದು, ನೀರು ಕಡಿಮೆ ಕುಡಿಯುವುದು ಇವೇ ನೋವು ಕೆರಳಿಸುತ್ತವೆ. ಜುಲೈ 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ 40 ವರ್ಷದವರೆಗಿನವರ ತಪಾಸಣೆ ನಡೆಯುತ್ತಿದೆ. ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಬಂದರೆ ಅಲ್ಲಿಗೇ ‘ರೋಗ ಇದೆ’ ಎಂದು ಹೇಳಬಾರದು: ರೋಗವಿಲ್ಲದ ವಾಹಕರೂ ಪಾಸಿಟಿವ್ ಬರುತ್ತಾರೆ, ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಿಂದ ಖಚಿತವಾಗಬೇಕು. ಅವಸರದ ಒಂದು ಮಾತಿಗೆ ಆ ಹುಡುಗಿಯ ಮದುವೆ ನಿಂತುಹೋದೀತು.

ಮಗುವಿನ ಕೆಮ್ಮಿಗೆ ಉಸಿರು ಎಣಿಸುವುದು ಪೂರ್ತಿ ಒಂದು ನಿಮಿಷ, ಮಗು ಸುಮ್ಮನಿರುವಾಗ, ಅಂಗಿ ಎತ್ತಿ. ಎರಡು ತಿಂಗಳ ಒಳಗಿನದಕ್ಕೆ 60, ವರ್ಷದ ಒಳಗಿನದಕ್ಕೆ 50, ಐದು ವರ್ಷದ ಒಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಒಪ್ಪಬೇಡಿ.

ಕಳಿಸುವಾಗ

‘ಕಡಿಮೆಯಾಗದಿದ್ದರೆ ಬನ್ನಿ’ ಎಂಬ ಮಾತು ಯಾರಿಗೂ ಏನೂ ತಿಳಿಸುವುದಿಲ್ಲ. ಏನಾದರೆ ಬರಬೇಕು, ಎಷ್ಟು ದಿನದೊಳಗೆ, ಎಲ್ಲಿಗೆ, ಯಾವುದರಲ್ಲಿ ಎಂಬ ನಾಲ್ಕನ್ನೂ ವಿದ್ಯಾರ್ಥಿ ಹೇಳಬೇಕು. ‘ಹಾಲು ಕುಡಿಯದಿದ್ದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಕಾಯಬೇಡಿ. 108 ನಿಮ್ಮ ತೋಟದ ಗೇಟಿನವರೆಗೆ ಬರುತ್ತೆ, ಮನೆಯಿಂದ ಅಲ್ಲಿಯವರೆಗೆ ಜೀಪು ಯಾರದ್ದಿದೆ?’ ತಾಯಿಯಿಂದ ಅದನ್ನು ತಿರುಗಿ ಹೇಳಿಸಿಕೊಳ್ಳಬೇಕು.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ದೂರ. ಆಗಸ್ಟ್ 2018ರಲ್ಲಿ ಗುಡ್ಡ ಕುಸಿದು ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆಯೇ ಇಲ್ಲವಾಗಿತ್ತು. ಹಾಗಾಗಿ ಮಳೆಗಾಲದಲ್ಲಿ ಹೆರಿಗೆ ದಿನ ಹತ್ತಿರವಾದ, ಅಪಾಯದ ಲಕ್ಷಣ ಇರುವ ಗರ್ಭಿಣಿಯನ್ನು ನೋವು ಬರುವವರೆಗೆ ಕಾಯಿಸದೆ ಮೊದಲೇ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಸೇರಿಸುವ ಯೋಜನೆಯೂ ಚಿಕಿತ್ಸೆಯ ಭಾಗವೇ; ತಾಯಿ ಕಾರ್ಡಿನಲ್ಲಿ ಅದನ್ನು ಬರೆಸಿ. ರೆಫರ್ ಚೀಟಿಯಲ್ಲಿ ಯಾಕೆ ಕಳಿಸುತ್ತಿದ್ದೇವೆ, ಏನು ಕೊಟ್ಟಿದ್ದೇವೆ, ಯಾವ ಹೊತ್ತಿಗೆ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಓದಲು ಬರುವ ಅಕ್ಷರದಲ್ಲಿರಲಿ. ಅಲ್ಲಿಂದ ಉತ್ತರದ ಚೀಟಿ ಅಪರೂಪಕ್ಕೆ ಬರುತ್ತದೆ. ಮೂರನೇ ದಿನ ಫೋನು ಮಾಡಿ ಏನಾಯಿತೆಂದು ತಿಳಿದು ಬಂದು ನಿಮಗೆ ಹೇಳುವುದು ವಿದ್ಯಾರ್ಥಿಯ ಕೆಲಸ.

ಕೆಡುವುದು ಎಲ್ಲಿ, ಅಳೆಯುವುದು ಹೇಗೆ

ರೋಗಿಯ ಫೋಟೋ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದು ಈಗಿನ ದೊಡ್ಡ ಪಿಡುಗು. ಊರು ಚಿಕ್ಕದು, ಮುಖ ಮರೆಮಾಡಿದರೂ ಯಾರ ಕೈ, ಯಾರ ಮನೆ ಎಂದು ಗೊತ್ತಾಗಿಬಿಡುತ್ತದೆ. ಮೊದಲ ದಿನವೇ ಬೇಡವೆಂದು ಹೇಳಿ. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯೆಂದು ತಿಳಿದರೆ ಗುಟ್ಟಾಗಿಡುವ ಮಾತು ಕೊಡಬಾರದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ವಿದ್ಯಾರ್ಥಿ ನೇರ ನಿಮ್ಮಲ್ಲಿಗೆ ಬರಬೇಕು, ಹುಡುಗಿಯ ಚಿಕಿತ್ಸೆ ಒಂದು ಗಳಿಗೆಯೂ ನಿಲ್ಲಬಾರದು. ಪಿಂಚಣಿ ಮಾಡಿಸಿಕೊಡುತ್ತೇವೆ, ಮನೆ ಕೊಡಿಸುತ್ತೇವೆ ಎಂಬ ಭರವಸೆಯನ್ನೂ ಯಾರಿಗೂ ಕೊಡಬಾರದು. ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಎಂದು ತಿಳಿದು ಬಂದು ಹೇಳಬಹುದು, ಅಷ್ಟೇ.

ಎಷ್ಟು ರೋಗಿ ನೋಡಿದರು ಎಂಬ ಲೆಕ್ಕದಿಂದ ಅಂಕ ಕೊಡಬೇಡಿ. ವಾರಕ್ಕೊಮ್ಮೆ 15 ನಿಮಿಷ ನೀವು ಮೂಲೆಯಲ್ಲಿ ಕೂತು, ಬಾಯಿ ಹಾಕದೆ, ಅವರು ಒಬ್ಬ ರೋಗಿಯೊಡನೆ ಮಾತಾಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಆಮೇಲೆ ರೋಗಿ ಹೋದ ಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿ. ‘ಚೆನ್ನಾಗಿತ್ತು’ ಎಂಬುದರಿಂದ ಏನೂ ಕಲಿಯುವುದಿಲ್ಲ; ‘ಅಜ್ಜಿ ಮಗನ ವಿಷಯ ಎತ್ತಿದಾಗ ನೀವು ಬಿಪಿ ಕಟ್ಟಲು ಶುರು ಮಾಡಿದಿರಿ, ಅವರು ಮಾತು ನಿಲ್ಲಿಸಿದರು’ ಎಂದರೆ ಮರೆಯುವುದಿಲ್ಲ. ಕೊನೆಯ ವಾರದ ಪರೀಕ್ಷೆ ಐದು ಮನೆಗಳ ಬಗ್ಗೆಯೇ ಇರಲಿ: ಮೊದಲ ಭೇಟಿಯಲ್ಲಿ ಏನು ಅಂದುಕೊಂಡಿರಿ, ಮೂರನೆಯದಕ್ಕೆ ಯಾವುದು ಬದಲಾಯಿತು, ನೀವು ಹೇಳಿದ್ದರಲ್ಲಿ ಯಾವುದು ನಡೆಯಲಿಲ್ಲ, ಯಾಕೆ.

ಹೊರಡುವ ಮುಂಚೆ ಪ್ರತಿ ಮನೆಗೂ ಒಂದು ಪುಟ ಬರೆದಿಡಬೇಕು. ವಂಶವೃಕ್ಷ, ಈಗಿನ ಔಷಧಿ, ಕೊನೆಯ ಬಿಪಿ ಮತ್ತು ಶುಗರ್ ದಿನಾಂಕ ಸಹಿತ, ಬಾಕಿ ಉಳಿದ ಕೆಲಸ, ಮನೆಯವರಿಗೆ ಬರಲು ಅನುಕೂಲದ ಹೊತ್ತು. ಮುಂದಿನ ಬ್ಯಾಚಿನವರು ಅದೇ ಐದು ಮನೆಗಳಿಂದ ಶುರು ಮಾಡಲಿ, ಆದರೆ ಎರಡು ಬ್ಯಾಚಿನ ಮೇಲೆ ಬಿಡುವು ಬೇಕೇ ಎಂದು ಮನೆಯವರನ್ನೇ ಕೇಳಿ. ಕೊನೆಯ ಭೇಟಿಯಲ್ಲಿ ‘ನಾವು ಇನ್ನು ಬರುವುದಿಲ್ಲ, ಏನಾದರೂ ಇದ್ದರೆ ಇವರನ್ನು ಕೇಳಿ’ ಎಂದು ಸಿಸ್ಟರನ್ನು ಮುಂದೆ ನಿಲ್ಲಿಸಿ ಹೇಳಬೇಕು. ಆ ಪುಟ ಹೋಗಬೇಕಾದ್ದು ಕಾಲೇಜಿನ ಕಡತಕ್ಕಲ್ಲ, ಉಪಕೇಂದ್ರದ ಬೀರುವಿಗೆ.